ರಿಂಜಾನಿ: ಏರುವುದಕ್ಕಿಂತ ಇಳಿಯುವುದೇ ಹೆಚ್ಚು

ಇಂಡೊನೇಷ್ಯಾದ ಲೊಂಬೊಕ್ ದ್ವೀಪದಲ್ಲಿರುವ ರಿಂಜಾನಿ 3,726 ಮೀಟರ್ ಎತ್ತರದ ಜ್ವಾಲಾಮುಖಿ. ಆ ದೇಶದ ಜ್ವಾಲಾಮುಖಿಗಳಲ್ಲಿ ಸುಮಾತ್ರಾದ ಕೆರಿಂಚಿಯೊಂದೇ (3,805) ಇದಕ್ಕಿಂತ ಎತ್ತರ. ಚಾರಣಕ್ಕೆ ಹೊರಟವರಿಗೆಲ್ಲ ಶಿಖರದ ಅಂಕಿ ಬಾಯಿಪಾಠ. ಕೂಡಿ ನೋಡಬೇಕಾದ ಅಂಕಿಗಳು ಬೇರೆ ಇವೆ. ಸೆಂಬಲುನ್ ಹಳ್ಳಿಯಿಂದ (ಸುಮಾರು 1,150) ಕುಳಿಯ ಅಂಚಿನ ಶಿಬಿರಕ್ಕೆ (2,639) ಮೊದಲ ದಿನ ಏರುವುದು ಹತ್ತಿರಹತ್ತಿರ 1,490 ಮೀಟರ್. ಎರಡನೇ ದಿನ ನಸುಕಿನಲ್ಲಿ ಶಿಖರಕ್ಕೆ ಇನ್ನೊಂದು 1,087. ಅಲ್ಲಿಗೆ ಏರಿಕೆ ಹೆಚ್ಚುಕಡಿಮೆ ಮುಗಿಯಿತು. ಇಳಿಕೆಯ ಲೆಕ್ಕ ಅಲ್ಲಿಂದ ಶುರು: ಶಿಖರದಿಂದ ಶಿಬಿರಕ್ಕೆ ಅದೇ 1,087, ಶಿಬಿರದಿಂದ ಕುಳಿಯೊಳಗಿನ ಸರೋವರಕ್ಕೆ 640ರಷ್ಟು, ಮೂರನೇ ದಿನ ಸರೋವರದಿಂದ ತೊರೆಯಾನ್ ಹಳ್ಳಿಗೆ 1,400ರಷ್ಟು. ಕೂಡಿದರೆ ಮೂರು ಸಾವಿರ ಮೀಟರ್ ದಾಟುತ್ತದೆ, ಅದೂ ಎಲ್ಲ ದಣಿದ ಕಾಲಿನ ಮೇಲೆ. ಏರುವಾಗ ದಮ್ಮು ಹೇಗೋ ಒದಗಿಬರುತ್ತದೆ. ಗುಂಪುಗಳು ಕೈಚೆಲ್ಲುವುದು ಇಳಿಯುವಾಗ, ಮಂಡಿ ಮತ್ತು ತೊಡೆಯ ವಿಷಯದಲ್ಲಿ.

ಹೊರಡುವ ಮುನ್ನ

ಹಾಗಾಗಿ ತಯಾರಿಯೂ ಇಳಿಯುವುದಕ್ಕೇ ಆಗಬೇಕು. ಏರುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಾ ಹೋಗುತ್ತಲೇ ಇಡೀ ಮೈಭಾರಕ್ಕೆ ಬ್ರೇಕ್ ಹಾಕಬೇಕು. ಈ ಎರಡನೇ ಬಗೆಯ ದುಡಿಮೆಯಲ್ಲೇ ಸ್ನಾಯುವಿನ ಎಳೆಗಳು ಹೆಚ್ಚು ಹಾನಿಗೊಳ್ಳುವುದು; ಒಂದೆರಡು ದಿನ ಬಿಟ್ಟು ಮೆಟ್ಟಿಲಿಳಿಯಲಾಗದ ನೋವು ಬರುವುದೂ ಇದರಿಂದಲೇ. ಒಳ್ಳೆಯ ಸಂಗತಿಯೆಂದರೆ ಸ್ನಾಯು ಈ ಪಾಠವನ್ನು ಬೇಗ ಕಲಿಯುತ್ತದೆ. ಒಮ್ಮೆ ಚೆನ್ನಾಗಿ ಇಳಿದು ನೋಯಿಸಿಕೊಂಡ ಕಾಲು ಮುಂದಿನ ವಾರ ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ. ಎಂಟು ವಾರ ಮೊದಲೇ ಶುರುಮಾಡಿ ವಾರಕ್ಕೆ ಎರಡು ದಿನ ಮೆಟ್ಟಿಲು ಹತ್ತಿ, ಲಿಫ್ಟ್ ಹಿಡಿಯದೆ ನಡೆದೇ ಇಳಿಯಿರಿ. ಮೊಳಕಾಲಿಗಿಂತ ತಗ್ಗಿನ ಮೆಟ್ಟಿಲ ಮೇಲೆ ಒಂಟಿಕಾಲಲ್ಲಿ ನಿಂತು ಇನ್ನೊಂದು ಹಿಮ್ಮಡಿಯನ್ನು ಮೂರು ಎಣಿಸುತ್ತಾ ನೆಲಕ್ಕೆ ತಾಗಿಸುವ ಅಭ್ಯಾಸ ಒಂದೊಂದು ಕಾಲಿಗೆ 15ರಂತೆ ಮೂರು ಸುತ್ತು. ಕೊನೆಯ ನಾಲ್ಕು ವಾರ ಬೆನ್ನ ಮೇಲೆ ಆರೇಳು ಕಿಲೋ ಇರಲಿ. ಬರೀ ಓಡಿ ತಯಾರಾದವರು ಶಿಖರಕ್ಕೆ ಮೊದಲು ಮುಟ್ಟುತ್ತಾರೆ, ಸರೋವರಕ್ಕೆ ಕೊನೆಗೆ.

ಶೂ ಹೊಸದಾಗಿರಬಾರದು, ಬಿಗಿಯಾಗಿಯೂ ಇರಬಾರದು. ದಪ್ಪ ಕಾಲುಚೀಲ ಹಾಕಿ, ಪಾದವನ್ನು ಮುಂದಕ್ಕೆ ತಳ್ಳಿದಾಗ ಹಿಮ್ಮಡಿಯ ಹಿಂದೆ ಒಂದು ಬೆರಳು ಹೋಗುವಷ್ಟು ಜಾಗ ಬೇಕು. ಇಲ್ಲದಿದ್ದರೆ ಇಳಿಜಾರಿನಲ್ಲಿ ಹೆಬ್ಬೆರಳು ಶೂ ಮೂತಿಗೆ ಸಾವಿರಾರು ಸಲ ಗುದ್ದಿ ಉಗುರಿನಡಿ ರಕ್ತ ಹೆಪ್ಪುಗಟ್ಟುತ್ತದೆ. ಹೊರಡುವ ಎರಡು ದಿನ ಮೊದಲು ಉಗುರು ಕತ್ತರಿಸಿ. ಹಿಂದಿನ ರಾತ್ರಿ ಕತ್ತರಿಸಿದರೆ ಹಸಿ ಅಂಚು ಚುಚ್ಚುತ್ತದೆ. ಇನ್ನೊಂದು ವಸ್ತುವನ್ನು ಬಹಳ ಜನ ದಂಡವೆಂದು ಬಿಟ್ಟುಬರುತ್ತಾರೆ: ಗೇಟರ್, ಅಂದರೆ ಶೂ ಬಾಯಿಯಿಂದ ಕಣಕಾಲಿನ ಮೇಲಿನವರೆಗೆ ಮುಚ್ಚುವ ಬಟ್ಟೆಯ ತೊಡುಗೆ. ರಿಂಜಾನಿಯ ಮೇಲ್ಭಾಗ ಬೂದಿ ಮತ್ತು ಬಟಾಣಿ ಗಾತ್ರದ ಹಗುರ ಕಲ್ಲುಗಳ ರಾಶಿ. ಗೇಟರ್ ಇಲ್ಲದಿದ್ದರೆ ಪ್ರತಿ ಹತ್ತು ನಿಮಿಷಕ್ಕೆ ಶೂ ಬಿಚ್ಚಿ ಕೊಡವಬೇಕು. ಚಳಿಯಲ್ಲಿ ಬೆರಳು ಮರಗಟ್ಟಿದಾಗ ಯಾರೂ ಆ ಕೆಲಸ ಮಾಡುವುದಿಲ್ಲ, ಬೆಳಗಾಗುವಷ್ಟರಲ್ಲಿ ಬೊಬ್ಬೆ ಎದ್ದಿರುತ್ತದೆ.

ಊರುಗೋಲು ಎರಡು ಬೇಕು, ಒಂದಲ್ಲ. ಹೆಡ್‌ಲ್ಯಾಂಪ್ ತಲೆಗೊಂದರಂತೆ, ಹೊಸ ಬ್ಯಾಟರಿ ಸಮೇತ. ಮೊಬೈಲ್ ಬೆಳಕನ್ನು ನಂಬಿದರೆ ಕೋಲು ಹಿಡಿಯುವ ಕೈ ಒಂದು ಹೋಯಿತು. ಶಿಖರದಲ್ಲಿ ನಸುಕಿನ ಉಷ್ಣಾಂಶ 5 ಡಿಗ್ರಿಯ ಆಸುಪಾಸು ಇರುತ್ತದೆ, ಗಾಳಿ ಬೀಸಿದರೆ ಮೈಗೆ ಸೊನ್ನೆಗಿಂತ ಕೆಳಗಿನಂತೆ ತಾಗುತ್ತದೆ. ಒಳಗೆ ಬೆವರು ಒಣಗುವ ಅಂಗಿ (ಹತ್ತಿಯದು ಬೇಡ, ಒದ್ದೆಯಾದರೆ ಅದು ಒಣಗುವುದೇ ಇಲ್ಲ), ನಡುವೆ ಉಣ್ಣೆ ಅಥವಾ ಫ್ಲೀಸ್, ಮೇಲೆ ಗಾಳಿ ತಡೆಯುವ ಜಾಕೆಟ್, ಕೈಗವಸು, ಟೋಪಿ. ಮೂಗು ಬಾಯಿ ಮುಚ್ಚಲು ಒಂದು ಬಟ್ಟೆ: ಮುಂದಿನವರ ಕಾಲ್ದೂಳಿ ಹಿಂದಿನವರ ಗಂಟಲಿಗೆ ಎನ್ನುವುದು ಇಲ್ಲಿ ಅಕ್ಷರಶಃ ನಿಜ.

ಗೆಳೆಯರ ಗುಂಪಾದರೆ ಸಾಮಾನಿಗಿಂತ ಮೊದಲು ಮೂರು ಮಾತು ಇತ್ಯರ್ಥವಾಗಬೇಕು. ಒಂದು, ನಡಿಗೆಯ ವೇಗ ಗುಂಪಿನ ನಿಧಾನಗಾರನದು. ಎರಡು, ಶಿಖರ ಸಿಗಲಿ ಬಿಡಲಿ, ಇಷ್ಟು ಗಂಟೆಗೆ ಎಲ್ಲಿದ್ದರೂ ತಿರುಗುವುದು. ರಿಂಜಾನಿಗೆ ಬೆಳಿಗ್ಗೆ 7 ಗಂಟೆ ಸರಿಯಾದ ಗಡುವು. ಮೂರು, ಯಾರನ್ನೂ ಒಂಟಿಯಾಗಿ ಕೂರಿಸಿ ಮುಂದೆ ಹೋಗುವಂತಿಲ್ಲ. ಈ ಮೂರನೆಯದು ಬಾಯಿಮಾತಿನಲ್ಲಿ ಉಳಿಯಬಾರದೆಂದರೆ ಐವರ ಗುಂಪಿಗೆ ಇಬ್ಬರು ಗೈಡ್ ಇರಲೇಬೇಕು. ಒಬ್ಬನೇ ಇದ್ದರೆ, ಒಬ್ಬರಿಗೆ ಸಾಕಾದಾಗ ಐವರೂ ಇಳಿಯಬೇಕು ಇಲ್ಲವೇ ಆ ಒಬ್ಬರನ್ನು ಬಿಟ್ಟು ಹೋಗಬೇಕು. ಎತ್ತರದಲ್ಲಿ, ನಿದ್ದೆಗೆಟ್ಟು, ಚಳಿಯಲ್ಲಿ ನಿಂತಾಗ ಗುಂಪುಗಳು ಎರಡನೆಯದನ್ನೇ ಆರಿಸಿಕೊಳ್ಳುತ್ತವೆ. ಇಲ್ಲಿ ಉಳಿಸಿದ ಕಾಸು ಉಳಿತಾಯವಲ್ಲ.

ಮಳೆಗಾಲದಲ್ಲಿ, ಸಾಮಾನ್ಯವಾಗಿ ಜನವರಿಯಿಂದ ಮಾರ್ಚ್ ಕೊನೆಯವರೆಗೆ, ದಾರಿಗಳು ಮುಚ್ಚಿರುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಹುಲ್ಲುಗಾವಲು ಹಸಿರು, ದೂಳು ಕಡಿಮೆ. ಜುಲೈ, ಆಗಸ್ಟ್‌ನಲ್ಲಿ ಆಕಾಶ ಶುಭ್ರ, ಆದರೆ ದೂಳೂ ಜನವೂ ಚಳಿಯೂ ಹೆಚ್ಚು. ಆಯ್ಕೆ ಇದ್ದರೆ ಮೇ ತಿಂಗಳೇ ಲೇಸು.

ಹಿಂದಿನ ಸಂಜೆ: ಸೆಂಬಲುನ್

ವಿಮಾನ ನಿಲ್ದಾಣದಿಂದ ಸೆಂಬಲುನ್‌ಗೆ ಕಾರಿನಲ್ಲಿ ಮೂರು ಗಂಟೆಯ ಹಾದಿ. ರಾತ್ರಿ ಇಲ್ಲೇ ತಂಗುವುದು ಎರಡು ಕಾರಣಕ್ಕೆ ಒಳ್ಳೆಯದು. ಸಮುದ್ರ ಮಟ್ಟದಿಂದ ಹೊರಟು ಒಂದೂವರೆ ದಿನದಲ್ಲಿ 3,726 ಮೀಟರ್ ಮುಟ್ಟುವ ದೇಹಕ್ಕೆ 1,150 ಮೀಟರಿನ ಒಂದು ರಾತ್ರಿ ದೊಡ್ಡ ಸಹಾಯವೇನಲ್ಲ, ಆದರೂ ನಿದ್ದೆ ಸಿಗುತ್ತದೆ. ಮುಖ್ಯವಾಗಿ, ಬೆಳಿಗ್ಗೆ ಆರೂವರೆಗೆಲ್ಲ ನಡೆಯಲು ಶುರುಮಾಡಬಹುದು. ಕರಾವಳಿಯಿಂದ ಅದೇ ದಿನ ಕಾರಿನಲ್ಲಿ ಬಂದವರು ಹತ್ತು ಗಂಟೆಗೆ ಹೊರಟು ನಡುಮಧ್ಯಾಹ್ನದ ಬಿಸಿಲಿಗೆ ತಲೆಕೊಡುತ್ತಾರೆ.

ಪ್ರವೇಶಕ್ಕೆ ಆನ್‌ಲೈನ್‌ನಲ್ಲಿ ಮುಂಚಿತವಾಗಿ ಕಾಯ್ದಿರಿಸಬೇಕು. ದಿನಕ್ಕೆ, ಬಾಗಿಲಿಗೆ ಇಷ್ಟೇ ಜನ ಎಂಬ ಮಿತಿ ಇದೆ. ಹೆಸರು ನೋಂದಾಯಿಸುವಾಗ ಪಾಸ್‌ಪೋರ್ಟ್ ಕೇಳುತ್ತಾರೆ, ಆರೋಗ್ಯ ತಪಾಸಣೆಯೂ ಇರುತ್ತದೆ. ಇಲ್ಲಿ ರಕ್ತದೊತ್ತಡ ಹೆಚ್ಚು ತೋರಿಸಿದರೆ ವಾದಿಸಬೇಡಿ. ಅರ್ಧ ಗಂಟೆ ಕೂತು ಮತ್ತೆ ಪರೀಕ್ಷಿಸಲು ಕೇಳಿ. ಎತ್ತರದ ಕಾಯಿಲೆ ತಡೆಯುವ ಡಯಾಮಾಕ್ಸ್ ಮಾತ್ರೆ ತೆಗೆದುಕೊಳ್ಳುವ ಯೋಚನೆಯಿದ್ದರೆ ವೈದ್ಯರನ್ನು ಊರಲ್ಲೇ ಕೇಳಿಕೊಂಡು ಬರಬೇಕು, ಇಲ್ಲಿ ಗೆಳೆಯನ ಚೀಲದಿಂದ ಕಡ ಪಡೆಯುವ ಮಾತ್ರೆ ಅದಲ್ಲ.

ಮೊದಲ ದಿನ: ಹುಲ್ಲುಗಾವಲು, ಆಮೇಲೆ ಪಶ್ಚಾತ್ತಾಪ

ಮೊದಲ ಮೂರು ಗಂಟೆ ಮೋಸದ ಹಾದಿ. ತೆರೆದ ಹುಲ್ಲುಗಾವಲು, ಮೆಲ್ಲನೆಯ ಏರು, ಎದುರಿಗೆ ಶಿಖರ. ಪೋಸ್ 1 (1,300), ಪೋಸ್ 2 (1,500), ಪೋಸ್ 3 (1,800) ಎಂದು ತಂಗುದಾಣಗಳು ಬರುತ್ತವೆ. ಎಲ್ಲರಿಗೂ ಹುರುಪು, ಮಾತು ಜೋರು, ಹೆಜ್ಜೆ ಬಿರುಸು. ಇಲ್ಲಿ ಮಾಡುವ ಆತುರದ ಸಾಲವನ್ನು ಮಧ್ಯಾಹ್ನ ಬಡ್ಡಿ ಸಮೇತ ತೀರಿಸಬೇಕು. ನಡೆಯುತ್ತಾ ಪೂರ್ತಿ ವಾಕ್ಯ ಆಡಲು ಸಾಧ್ಯವಿದ್ದರೆ ವೇಗ ಸರಿ; ಎರಡು ಪದಕ್ಕೊಮ್ಮೆ ಉಸಿರು ಎಳೆಯಬೇಕಾದರೆ ಹೆಚ್ಚಾಯಿತು.

ನೆರಳು ಎಂಬುದು ಇಲ್ಲ. ಸಮಭಾಜಕ ವೃತ್ತದಿಂದ 8 ಡಿಗ್ರಿ ಮಾತ್ರ ದೂರದ ಬಿಸಿಲು, ಮೇಲಾಗಿ ಗಾಳಿ ತಂಪಾಗಿರುವುದರಿಂದ ಚರ್ಮ ಸುಡುತ್ತಿರುವುದು ಗೊತ್ತಾಗುವುದಿಲ್ಲ. ಕತ್ತಿನ ಹಿಂಭಾಗ, ಕಿವಿ, ಮೊಳಕಾಲ ಹಿಂದೆ ಸನ್‌ಸ್ಕ್ರೀನ್ ಹಚ್ಚುವುದನ್ನು ಮರೆಯುತ್ತಾರೆ. ಮೂರು ಲೀಟರ್ ನೀರು ಹೊತ್ತುಕೊಂಡೇ ಹೊರಡಿ, ಅದರಲ್ಲಿ ಒಂದು ಲೀಟರಿಗೆ ಓಆರ್‌ಎಸ್ ಬೆರೆಸಿರಲಿ. ಬರೀ ನೀರನ್ನೇ ಕುಡಿಯುತ್ತಾ ಬೆವರಿದವರಿಗೆ ಸಂಜೆ ಮೀನಖಂಡ ಹಿಡಿದುಕೊಳ್ಳುವುದು ಸಾಮಾನ್ಯ.

ಹೊರೆಯಾಳುಗಳು ಬಿದಿರಿನ ಅಡ್ಡೆಯ ಎರಡು ತುದಿಗೆ ಬುಟ್ಟಿ ಕಟ್ಟಿ ಡೇರೆ, ಅಕ್ಕಿ, ಒಲೆ, ನೀರು ಎಲ್ಲವನ್ನೂ ಹೊತ್ತು, ಹವಾಯಿ ಚಪ್ಪಲಿಯಲ್ಲೇ ನಿಮ್ಮನ್ನು ದಾಟಿ ಹೋಗುತ್ತಾರೆ. ಅಡ್ಡೆ ಬಳುಕುವ ಲಯಕ್ಕೆ ಅವರ ಹೆಜ್ಜೆ. ಅವರಿಗೆ ದಾರಿ ಬಿಡುವಾಗ ಯಾವಾಗಲೂ ಬೆಟ್ಟದ ಮೈ ಕಡೆಗೆ ಸರಿದು ನಿಲ್ಲಬೇಕು, ಕಣಿವೆಯ ಕಡೆಗಲ್ಲ. ಅಡ್ಡೆಯ ತುದಿ ಬೆನ್ನುಚೀಲಕ್ಕೆ ತಾಗಿದರೆ ಬೀಳುವವರು ನೀವು.

ಪೋಸ್ 3ರಲ್ಲಿ ಊಟ. ಹೊಟ್ಟೆ ಬಿರಿಯೆ ಉಣ್ಣಬೇಡಿ, ಏಕೆಂದರೆ ಅಲ್ಲಿಂದ ಮುಂದಿನ ಏರಿಗೆ ಊರವರೇ ಇಟ್ಟ ಹೆಸರು ‘ಪಶ್ಚಾತ್ತಾಪದ ಏಳು ಗುಡ್ಡ’. ತಿರುಗಿ ಹೋಗಲು ತಡವಾಗಿದೆ, ಮುಂದೆ ಹೋಗಲು ಮನಸ್ಸಿಲ್ಲ ಎಂಬ ಸ್ಥಿತಿಗೆ ಇದಕ್ಕಿಂತ ಒಳ್ಳೆ ಹೆಸರು ಸಿಗಲಾರದು. ಪ್ರತಿ ಗುಡ್ಡದ ನೆತ್ತಿಯೂ ಕೊನೆಯದೆಂಬಂತೆ ಕಾಣುತ್ತದೆ, ಹತ್ತಿದಾಗ ಹಿಂದಿನಿಂದ ಇನ್ನೊಂದು ಇಣುಕುತ್ತದೆ. ಹತ್ತಿರಹತ್ತಿರ 840 ಮೀಟರ್ ಏರಲು ಮೂರು ಗಂಟೆ ಬೇಕು, ನಿಧಾನದ ಗುಂಪಿಗೆ ನಾಲ್ಕು. ಇಲ್ಲಿ ಕೆಲಸಕ್ಕೆ ಬರುವುದು ವಿರಾಮದ ಹೆಜ್ಜೆ: ಮುಂದಿನ ಕಾಲನ್ನು ಊರಿ, ಭಾರ ಹಾಕುವ ಮೊದಲು ಹಿಂದಿನ ಮಂಡಿಯನ್ನು ನೆಟ್ಟಗೆ ಮಾಡಿ ಒಂದು ಕ್ಷಣ ನಿಲ್ಲುವುದು. ಆ ಕ್ಷಣದಲ್ಲಿ ಭಾರವನ್ನು ಮೂಳೆ ಹೊರುತ್ತದೆ, ಸ್ನಾಯುವಿಗೆ ಬಿಡುವು. ಒಂದು ಹೆಜ್ಜೆಗೆ ಒಂದು ಉಸಿರು. ಹತ್ತು ನಿಮಿಷ ಓಡಿ ಐದು ನಿಮಿಷ ಕೂರುವವರಿಗಿಂತ ಹೀಗೆ ಎಡೆಬಿಡದೆ ತೆವಳುವವರು ಮೊದಲು ತಲುಪುತ್ತಾರೆ.

ಮಧ್ಯಾಹ್ನದ ಮೇಲೆ ಮಂಜು ಏರಿಬಂದು ಬಿಸಿಲು ಥಟ್ಟನೆ ಮಾಯ. ಒದ್ದೆ ಅಂಗಿಯಲ್ಲಿ ನಿಂತರೆ ಐದೇ ನಿಮಿಷದಲ್ಲಿ ನಡುಕ. ಶಿಬಿರಕ್ಕೆ ಬಂದ ತಕ್ಷಣದ ಕೆಲಸ ಫೋಟೊ ಅಲ್ಲ, ಬಟ್ಟೆ ಬದಲಿಸುವುದು.

ಪ್ಲಾವಾಂಗನ್ ಸೆಂಬಲುನ್ ಎಂಬ ಈ ಶಿಬಿರ ಕುಳಿಯ ಅಂಚಿನ ಕಿರಿದಾದ ಏಣಿನ, ಅಂದರೆ ಬೆಟ್ಟದ ಬೆನ್ನಿನ, ಮೇಲಿದೆ. ಒಂದು ಕಡೆ ಬಂದ ದಾರಿ, ಇನ್ನೊಂದು ಕಡೆ ಆರು ನೂರು ಮೀಟರ್ ಕೆಳಗೆ ಸರೋವರ, ಅದರ ಮಗ್ಗುಲಿಗೆ ಬರುಜಾರಿ ಎಂಬ ಮರಿ ಜ್ವಾಲಾಮುಖಿ. ರಿಂಜಾನಿಯ ಈಚಿನ ಸ್ಫೋಟಗಳೆಲ್ಲ ಈ ಮರಿಯದೇ. 2015ರಲ್ಲಿ ಇದು ಉಗುಳಿದ ಬೂದಿಗೆ ಪಕ್ಕದ ಬಾಲಿ ದ್ವೀಪದ ವಿಮಾನ ನಿಲ್ದಾಣ ಮುಚ್ಚಬೇಕಾಯಿತು. ಡೇರೆಯ ಜಿಪ್ ಸದಾ ಹಾಕಿರಲಿ. ಇಲ್ಲಿನ ಕೋತಿಗಳು ಬಿಸ್ಕತ್ತಿನ ಪೊಟ್ಟಣದ ಸದ್ದನ್ನು ದೂರದಿಂದಲೇ ಗುರುತಿಸುತ್ತವೆ, ಜಿಪ್ ತೆರೆದಿದ್ದರೆ ಒಳಗೇ ಬರುತ್ತವೆ. ಕತ್ತಲಲ್ಲಿ ಬಹಿರ್ದೆಸೆಗೆ ಹೋಗುವಾಗ ಹೆಡ್‌ಲ್ಯಾಂಪ್ ಇಲ್ಲದೆ ಹತ್ತು ಹೆಜ್ಜೆಯೂ ಬೇಡ. ಅಂಚಿಗೆ ಬೇಲಿ ಇಲ್ಲ.

ಏಳು ಗಂಟೆಗೆ ಮಲಗಬೇಕು. ನಿದ್ದೆ ಬರದಿದ್ದರೂ ಅಡ್ಡಾಗಿರಿ. ಶಿಖರದ ಚೀಲವನ್ನು ಈಗಲೇ ಕಟ್ಟಿ ತಲೆದೆಸೆಯಲ್ಲಿಡಿ: ಒಂದೂವರೆ ಲೀಟರ್ ನೀರು, ಬೆಚ್ಚಗಿನ ಜಾಕೆಟ್, ಖರ್ಜೂರ ಅಥವಾ ಚಾಕೊಲೇಟ್, ಬ್ಯಾಟರಿ, ಬೊಬ್ಬೆಗೆ ಅಂಟುಪಟ್ಟಿ. ಬೇರೇನೂ ಬೇಡ. ತಲೆನೋವು ಸಣ್ಣಗಿದ್ದರೆ ನೀರು, ಊಟ, ವಿಶ್ರಾಂತಿ. ತಲೆನೋವಿನ ಜೊತೆ ವಾಂತಿಯೂ ಇದ್ದರೆ ಆ ವ್ಯಕ್ತಿಯ ಶಿಖರ ಯಾತ್ರೆ ಅಲ್ಲಿಗೆ ಮುಗಿಯಿತು, ಚರ್ಚೆ ಇಲ್ಲ.

ಎರಡನೇ ದಿನ, ನಸುಕು: ಮೂರು ತುಂಡಿನ ಶಿಖರ

ಒಂದೂವರೆಗೆ ಎದ್ದು ಚಹಾ, ಬಿಸ್ಕತ್ತು, ಎರಡಕ್ಕೆ ಹೊರಡುವುದು. ಸೂರ್ಯೋದಯ ಆರು ದಾಟಿ ಆಗುತ್ತದೆ. ಕತ್ತಲಲ್ಲಿ ಹೋಗುವುದು ಸೂರ್ಯೋದಯದ ಚೆಂದಕ್ಕಷ್ಟೇ ಅಲ್ಲ. ಬಿಸಿಲೇರಿದ ಮೇಲೆ ಗಾಳಿ, ಮೋಡ ಎರಡೂ ಹೆಚ್ಚುತ್ತವೆ, ಜೊತೆಗೆ ಅದೇ ದಿನ ಸರೋವರಕ್ಕೂ ಇಳಿಯಬೇಕಲ್ಲ.

ದಾರಿಯನ್ನು ಮನಸ್ಸಿನಲ್ಲಿ ಮೂರು ತುಂಡು ಮಾಡಿಕೊಳ್ಳಿ. ಮೊದಲ ತುಂಡು, ಶಿಬಿರದ ಹಿಂದಿನ ಕಡಿದಾದ ಕೊರಕಲು. ಬೂದಿಮಣ್ಣು, ಗಾಳಿಮರಗಳ ಬೇರು, ಮುಂದಿನವರ ದೂಳು. ಒಂದು ಗಂಟೆಗೂ ಮೀರಿ ಹಿಡಿಯುತ್ತದೆ. ಬೆಚ್ಚಗಿನ ಜಾಕೆಟನ್ನು ಇಲ್ಲಿ ಹಾಕಿಕೊಂಡೇ ಹತ್ತುವುದು ಎಲ್ಲರೂ ಮಾಡುವ ತಪ್ಪು. ಬೆವರಿಗೆ ಒಳಅಂಗಿ ತೊಯ್ದು, ಮೇಲೆ ಗಾಳಿಗೆ ಸಿಕ್ಕಿದಾಗ ಹಿಮದ ಪಟ್ಟಿ ಕಟ್ಟಿದಂತಾಗುತ್ತದೆ. ಹೊರಡುವಾಗ ತುಸು ಚಳಿಯಾಗುವಷ್ಟೇ ಬಟ್ಟೆ ಇರಲಿ, ಕೊರಕಲು ಮುಗಿದು ಏಣಿನ ಮೇಲೆ ಬಂದ ಕೂಡಲೇ ಜಾಕೆಟ್ ತೊಡಿ.

ಎರಡನೇ ತುಂಡು ಏಣು. ಇಲ್ಲಿ ಏರು ಸೌಮ್ಯ, ನಡಿಗೆ ಸರಾಗ. ಬಲಗಡೆ ಸರೋವರದತ್ತ ಪಾತಾಳ, ಕತ್ತಲಲ್ಲಿ ಅದು ಕಾಣುವುದಿಲ್ಲ ಎನ್ನುವುದೇ ಅಪಾಯ. 2025ರ ಜೂನ್‌ನಲ್ಲಿ ಬ್ರೆಜಿಲ್‌ನ ಯುವ ಪ್ರವಾಸಿಯೊಬ್ಬರು ಶಿಖರದ ದಾರಿಯಿಂದ ಈ ಕಡೆಗೇ ಜಾರಿ ಬಿದ್ದು ಸತ್ತರು. ಮಂಜು ಮತ್ತು ಸಡಿಲ ಇಳಿಜಾರಿನಿಂದಾಗಿ ರಕ್ಷಣಾ ತಂಡಕ್ಕೆ ಅವರನ್ನು ತಲುಪಲು ದಿನಗಳೇ ಹಿಡಿದವು. ಸುಸ್ತಾದವರು ಅಂಚಿನ ಕಡೆ ಕೂರಬಾರದು, ಒಬ್ಬರೇ ಕೂರಬಾರದು. ನಿಂತು ದಣಿವಾರಿಸಿಕೊಳ್ಳುವಾಗಲೂ ಎಡಗಡೆಗೇ ಸರಿದಿರಬೇಕು. ಹತ್ತು ನಿಮಿಷಕ್ಕಿಂತ ಹೆಚ್ಚು ಕೂತರೆ ಮೈ ತಣ್ಣಗಾಗಿ ತೀರ್ಮಾನಶಕ್ತಿಯೂ ಮಂಕಾಗುತ್ತದೆ.

ಮೂರನೇ ತುಂಡಿಗೆ ಸ್ಥಳೀಯರು ‘ಲೆಟರ್ ಇ’ ಎನ್ನುತ್ತಾರೆ. ಕೊನೆಯ ಮುನ್ನೂರು ಮೀಟರ್ ಎತ್ತರ, ಬರೀ ಜಲ್ಲಿ. ಎರಡು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ. ಇದಕ್ಕೆ ಕಾರಣ ಸರಳ: ಸಡಿಲ ಕಲ್ಲಿನ ರಾಶಿ ತಾನು ತಾಳುವಷ್ಟು ಇಳಿಜಾರಿನಲ್ಲಿ ನಿಂತಿರುತ್ತದೆ, ಮೇಲೆ ಇನ್ನಷ್ಟು ಭಾರ ಬಿದ್ದರೆ ಜಾರುವುದೊಂದೇ ಅದಕ್ಕೆ ಗೊತ್ತು. ಜೋರಾಗಿ ಒದ್ದು ಹತ್ತಿದಷ್ಟೂ ಹೆಚ್ಚು ಜಾರುತ್ತದೆ. ಪಾದವನ್ನು ಪೂರ್ತಿ ಚಪ್ಪಟೆಯಾಗಿ ಇಟ್ಟು, ಹೆಜ್ಜೆ ಗಿಡ್ಡ ಮಾಡಿ, ಮುಂದಿನವರು ಒತ್ತಿ ಗಟ್ಟಿಮಾಡಿದ ಗುರುತಿನಲ್ಲೇ ಕಾಲಿಡಿ. ನೇರ ಹತ್ತದೆ ಓರೆಯಾಗಿ ಅತ್ತಿಂದಿತ್ತ ಹೋಗುವುದು ಉದ್ದವಾದರೂ ಅಗ್ಗ. ಕೋಲುಗಳ ಹಿಡಿ ಎದೆಮಟ್ಟಕ್ಕಿಂತ ಕೆಳಗಿರಲಿ. ಕಲ್ಲು ಉರುಳಿದರೆ ‘ಕಲ್ಲು!’ ಎಂದು ಕೂಗಿ. ಯಾರ ಕಲ್ಲೆಂದು ನೋಡುತ್ತಾ ನಿಲ್ಲಬೇಡಿ.

ಶಿಖರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಕಡಲತೀರದ ಮೂರನೇ ಎರಡು ಪಾಲಿಗಿಂತ ಸ್ವಲ್ಪ ಕಡಿಮೆ. ಇಪ್ಪತ್ತು ಹೆಜ್ಜೆ, ಐದು ಉಸಿರು ಎಂಬ ಎಣಿಕೆ ಇಟ್ಟುಕೊಂಡರೆ ಈ ತುಂಡು ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ಗೆಳೆಯ ತೊದಲುತ್ತಿದ್ದರೆ ಅಥವಾ ತೂರಾಡುತ್ತಿದ್ದರೆ ಸ್ವಲ್ಪ ಸಮತಟ್ಟು ಸಿಕ್ಕಲ್ಲಿ ಹಿಮ್ಮಡಿಗೆ ಕಾಲ್ಬೆರಳು ತಾಗಿಸುತ್ತಾ ನೇರ ಗೆರೆಯಲ್ಲಿ ನಡೆಸಿ ನೋಡಿ. ಆಗದಿದ್ದರೆ ಮಿದುಳಿಗೆ ಎತ್ತರ ತಟ್ಟಿದೆ ಎಂದು ಭಾವಿಸಿ ಕೂಡಲೇ ಗೈಡ್ ಜೊತೆ ಇಳಿಸಬೇಕು, ಶಿಖರ ನೂರು ಮೀಟರ್ ಮುಂದಿದ್ದರೂ.

ಮೇಲೆ ಹೋದವರಿಗೆ ಪಶ್ಚಿಮದಲ್ಲಿ ಬಾಲಿಯ ಅಗುಂಗ್, ಪೂರ್ವದಲ್ಲಿ ಸುಂಬಾವಾ ದ್ವೀಪದ ತಂಬೊರಾ. 1815ರಲ್ಲಿ ಸಿಡಿದು ಮರುವರ್ಷ ಯುರೋಪಿನ ಬೇಸಿಗೆಯನ್ನೇ ಕೆಡಿಸಿದ ಜ್ವಾಲಾಮುಖಿ ಅದು. ಆದರೆ ಕಾಲಡಿಯ ಬೆಟ್ಟದ ಕಥೆ ಅದಕ್ಕಿಂತ ಸಣ್ಣದಲ್ಲ. ರಿಂಜಾನಿಗೆ ಸಮಾಲಸ್ ಎಂಬ ಜೋಡಿ ಬೆಟ್ಟವಿತ್ತು. 1257ರಲ್ಲಿ ಅದು ಸಿಡಿದು ಕುಸಿದು ಈಗಿನ ಕುಳಿಯಾಯಿತು. ಆ ಸ್ಫೋಟದ ಗಂಧಕದ ಕುರುಹು ಗ್ರೀನ್‌ಲ್ಯಾಂಡ್, ಅಂಟಾರ್ಕ್ಟಿಕಾ ಎರಡರ ಮಂಜುಗಡ್ಡೆಯಲ್ಲೂ ಸಿಕ್ಕಿತ್ತು, ಆದರೆ ಯಾವ ಬೆಟ್ಟದ್ದು ಎಂಬುದು ಖಚಿತವಾಗಲು 2013ರವರೆಗೆ ಕಾಯಬೇಕಾಯಿತು. ಲೊಂಬೊಕ್‌ನ ತಾಳೆಗರಿಗಳಲ್ಲಿ ಮಾತ್ರ ಆ ಬೆಟ್ಟ ಕುಸಿದದ್ದೂ ಪಮಾತನ್ ಎಂಬ ಪಟ್ಟಣ ಹೂತುಹೋದದ್ದೂ ಬರೆದೇ ಇತ್ತು.

ಹದಿನೈದು ನಿಮಿಷ ಸಾಕು. ಬೆವರು ಆರುವ ಮೊದಲೇ ಇಳಿಯಬೇಕು.

ಇಳಿಯುವಾಗ ಜಲ್ಲಿ ವರವಾಗುತ್ತದೆ, ಅಂಜದಿದ್ದರೆ. ಅಂಜಿದವರು ಹಿಂದಕ್ಕೆ ವಾಲುತ್ತಾರೆ. ಆಗ ಭಾರ ಹಿಮ್ಮಡಿಯಿಂದ ತಪ್ಪಿ ಅಂಡಿನ ಮೇಲೆ ಬೀಳುತ್ತದೆ. ಮೂಗು ಹೆಬ್ಬೆರಳಿನ ಮೇಲಿರುವಷ್ಟು ಮುಂದಕ್ಕೆ ಬಾಗಿ, ಮಂಡಿ ತುಸು ಮಡಿಸಿ, ಹಿಮ್ಮಡಿಯನ್ನು ಜಲ್ಲಿಯೊಳಗೆ ಹೂಳಬೇಕು. ಪ್ರತಿ ಹೆಜ್ಜೆಯೂ ಅರ್ಧ ಅಡಿ ಜಾರಿ ತಾನೇ ನಿಲ್ಲುತ್ತದೆ. ಹೊರಡುವ ಮುನ್ನ ಶೂ ಲೇಸನ್ನು ಕಣಕಾಲ ಬಳಿ ಬಿಗಿಮಾಡಿ, ಬೆರಳುಗಳ ಮೇಲೆ ಸಡಿಲ ಬಿಡಿ. ಕೋಲುಗಳನ್ನು ಐದರಿಂದ ಹತ್ತು ಸೆಂಟಿಮೀಟರ್ ಉದ್ದ ಮಾಡಿಕೊಳ್ಳಿ. ಏಣಿನ ಗಟ್ಟಿ ನೆಲ ಬಂದ ಕೂಡಲೇ ಈ ಆಟ ನಿಲ್ಲಬೇಕು. ಗಟ್ಟಿನೆಲದ ಮೇಲೆ ಚದುರಿದ ನಾಲ್ಕು ಹರಳು ಪೂರ್ತಿ ಜಲ್ಲಿಗಿಂತ ಕೆಟ್ಟದ್ದು, ಗೋಲಿಗಳ ಮೇಲೆ ನಡೆದಂತೆ. ಕೈ ಊರಿ ಬಿದ್ದು ಮಣಿಕಟ್ಟು ಉಳುಕಿಸಿಕೊಳ್ಳುವುದು ಹೆಚ್ಚಾಗಿ ಇಲ್ಲೇ.

ಎರಡನೇ ದಿನ, ಮಧ್ಯಾಹ್ನ: ಸರೋವರಕ್ಕೆ

ಶಿಬಿರಕ್ಕೆ ವಾಪಸಾಗುವಾಗ ಒಂಬತ್ತೂವರೆ, ಹತ್ತು. ಊಟ ಮಾಡಿ ಒಂದು ಗಂಟೆ ಮಲಗುವ ಆಸೆ ಎಲ್ಲರಿಗೂ ಬರುತ್ತದೆ. ಗುಂಪು ಎರಡಾಗುವುದೂ ಇಲ್ಲೇ. ಪ್ರಾಮಾಣಿಕವಾಗಿ ನೋಡಬೇಕಾದ ಗಳಿಗೆ ಇದು: ಒಂಟಿಕಾಲಿನ ಮೇಲೆ ನಿಂತು ಮಂಡಿ ಮಡಿಸಿದಾಗ ತೊಡೆ ತಾನಾಗಿ ನಡುಗುತ್ತಿದ್ದರೆ, ಮುಂದಿನ 640 ಮೀಟರ್ ಇಳಿಕೆ ಆ ಕಾಲಿಗೆ ಸಲ್ಲದು. ಅಂಥವರು ಬಂದ ದಾರಿಯಲ್ಲೇ ಸೆಂಬಲುನ್‌ಗೆ ಇಳಿಯುವುದು ಕ್ಷೇಮ. ಆ ದಾರಿ ಉದ್ದವಾದರೂ ಮಣ್ಣಿನದು, ಬೇಕಾದಲ್ಲಿ ನಿಲ್ಲಬಹುದು, ಕೊನೆಗೆ ರಸ್ತೆ ಸಿಗುತ್ತದೆ. ಸರೋವರದ ತಳ ಮುಟ್ಟಿದ ಮೇಲೆ ಹಾಗಲ್ಲ. ಅಲ್ಲಿಂದ ಎತ್ತ ಹೋದರೂ ಇಡೀ ದಿನದ ನಡಿಗೆ.

ಹನ್ನೊಂದಕ್ಕೆ ಹೊರಟರೆ ಎರಡೂವರೆಯ ಹೊತ್ತಿಗೆ ಕೆಳಗೆ. ದಾರಿ ಕಲ್ಲುಗುಂಡುಗಳ ಮೆಟ್ಟಿಲು, ಕೆಲವೆಡೆ ಕಬ್ಬಿಣದ ಕಂಬಿ. ಒಂದೊಂದು ಮೆಟ್ಟಿಲೂ ಮೊಳಕಾಲುದ್ದ. ಮುಖ ಮುಂದಾಗಿ ಇಳಿಯಲು ಹೆದರಿಕೆಯಾದಲ್ಲಿ ಬೆಟ್ಟಕ್ಕೆ ಮುಖಮಾಡಿ ಏಣಿ ಇಳಿದಂತೆ ಇಳಿಯಿರಿ, ಕೋಲುಗಳನ್ನು ಮಡಚಿ ಚೀಲಕ್ಕೆ ಸಿಕ್ಕಿಸಿ. ಕೈಗವಸು ಇಲ್ಲೂ ಬೇಕು. ಲಾವಾ ಕಲ್ಲು ಅಂಗೈಯನ್ನು ತುರಿಮಣೆಯ ಹಾಗೆ ಸವರುತ್ತದೆ.

ಸರೋವರದ ಹೆಸರು ಸೆಗರಾ ಅನಕ್. ಸೆಗರಾ ಎಂದರೆ ನಮ್ಮ ಸಾಗರವೇ. ಅನಕ್ ಎಂದರೆ ಮಗು. ಕಡಲಿನ ಮಗು. ಲೊಂಬೊಕ್‌ನ ಬಾಲಿ ಹಿಂದೂಗಳು ವರ್ಷಕ್ಕೊಮ್ಮೆ ಹುಣ್ಣಿಮೆಯಂದು ಇಲ್ಲಿಗೆ ನಡೆದುಬಂದು ಮಳೆ ಬೆಳೆಗಾಗಿ ಬೇಡಿ ನೀರಿಗೆ ಕಾಣಿಕೆ ಬಿಡುತ್ತಾರೆ. ದ್ವೀಪದ ಮೂಲನಿವಾಸಿಗಳಾದ ಸಾಸಕ್ ಜನರ ನಂಬಿಕೆಯಲ್ಲಿ ಬೆಟ್ಟದ ಒಡತಿ ದೇವಿ ಅಂಜನಿ. ಹೆಸರು ಕೇಳಿದರೆ ಹನುಮಂತನ ತಾಯಿ ನೆನಪಾಗುತ್ತಾಳೆ, ಇಲ್ಲಿನವಳ ಕಥೆ ಬೇರೆ. ದಡದಲ್ಲಿ ಮೀನು ಹಿಡಿಯುತ್ತಾ ಕೂತ ಊರವರು ಕಾಣುತ್ತಾರೆ. ಆ ಮೀನು ಮನುಷ್ಯರು ತಂದು ಬಿಟ್ಟದ್ದು.

ಹತ್ತಿರದಲ್ಲೇ ಐಕ್ ಕಲಕ್ ಎಂಬ ಬಿಸಿನೀರ ಬುಗ್ಗೆಗಳು. ದಣಿದ ಕಾಲಿಗೆ ಹಿತ, ಆದರೆ ಹದಿನೈದು ನಿಮಿಷಕ್ಕಿಂತ ಹೆಚ್ಚು ಬೇಡ. ನೀರು ಬತ್ತಿದ ಮೈ ಬಿಸಿಯಲ್ಲಿ ಕೂತಾಗ ರಕ್ತನಾಳಗಳು ಸಡಿಲಗೊಂಡು ಒತ್ತಡ ಇಳಿಯುತ್ತದೆ, ಥಟ್ಟನೆ ಎದ್ದರೆ ಕಣ್ಣು ಕತ್ತಲೆ. ಪಾಚಿಗಟ್ಟಿದ ಬಂಡೆಯ ಮೇಲೆ ಕಣ್ಣು ಕತ್ತಲೆ ಬಂದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಒಡೆದ ಬೊಬ್ಬೆ ಇದ್ದವರು ಕಾಲು ಅದ್ದದಿರುವುದೇ ಒಳ್ಳೆಯದು. ಒಡೆಯದ ಬೊಬ್ಬೆಯನ್ನು ಹಾಗೇ ಬಿಟ್ಟು ಸುತ್ತ ಮೆತ್ತೆ ಕಟ್ಟಿ. ನಾಳೆ ನಡೆಯಲು ಅಡ್ಡಿಯಾಗುವಷ್ಟು ದೊಡ್ಡದಾಗಿದ್ದರೆ ಮಾತ್ರ ಶುದ್ಧ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ತೆಗೆದು, ಚರ್ಮ ಕೀಳದೆ ಪಟ್ಟಿ ಹಾಕಿ.

ಮೂರನೇ ದಿನ: ತೊರೆಯಾನ್

ಸರೋವರದಿಂದ ಹೊರಬೀಳಲು ಎರಡು ದಾರಿ. ಸೆನಾರು ಕಡೆಯದಾದರೆ ಮತ್ತೆ 640 ಮೀಟರ್ ಹತ್ತಿ ಎದುರು ಅಂಚನ್ನು (2,641) ಮುಟ್ಟಿ, ಅಲ್ಲಿಂದ ಕಾಡಿನೊಳಗೆ ಎರಡು ಸಾವಿರ ಮೀಟರ್ ಇಳಿಯಬೇಕು. ಎರಡನೆಯದು ತೊರೆಯಾನ್: ಸರೋವರದ ನೀರು ಕುಳಿಯ ಗೋಡೆಯನ್ನು ಸೀಳಿ ಹೊರಹರಿಯುವ ಕಣಿವೆಯ ಗುಂಟ ಇಳಿಯುವುದು. ಹೆಸರಲ್ಲಿ ತೊರೆ ಕೇಳಿಸುವುದು ಕಾಕತಾಳೀಯ, ಆದರೆ ಹಾದಿ ನಿಜಕ್ಕೂ ತೊರೆಯ ಜೊತೆಗೇ. ಒಣಹವೆಯಿದ್ದರೆ ತೊರೆಯಾನ್, ಹಿಂದಿನ ರಾತ್ರಿ ಮಳೆ ಬಂದಿದ್ದರೆ ಸೆನಾರು. ಮಳೆಯಲ್ಲಿ ಕಣಿವೆಯ ಗೋಡೆಯಿಂದ ಕಲ್ಲು ಬೀಳುತ್ತದೆ, ದಾಟಬೇಕಾದ ಹೊಳೆ ಏರುತ್ತದೆ. 2018ರ ಜುಲೈ 29ರ ಭೂಕಂಪದಲ್ಲಿ ಗುಡ್ಡ ಕುಸಿದು ದಾರಿಗಳು ಮುಚ್ಚಿ ನೂರಾರು ಚಾರಣಿಗರು ಬೆಟ್ಟದ ಮೇಲೆ ಸಿಕ್ಕಿಬಿದ್ದಿದ್ದರು. ಆಗ ಸಡಿಲಗೊಂಡ ಇಳಿಜಾರುಗಳನ್ನು ಇಂದಿಗೂ ನಂಬುವಂತಿಲ್ಲ.

ಏಳಕ್ಕೆ ಹೊರಡಿ, ಆರರಿಂದ ಎಂಟು ಗಂಟೆಯ ನಡಿಗೆ. ಕೊಕೊಕ್ ಪುತಿಹ್, ಅಂದರೆ ಬಿಳಿಹೊಳೆ, ಖನಿಜ ಕಲಸಿ ಹಾಲಿನಂತೆ ಹರಿಯುತ್ತದೆ. ಅದನ್ನು ಕುಡಿಯಬಾರದು, ಸೋಸಿದರೂ ಕುದಿಸಿದರೂ ಖನಿಜ ಹೋಗುವುದಿಲ್ಲ. ಶಿಬಿರದಲ್ಲೇ ಸಿಹಿನೀರು ಎರಡು ಲೀಟರ್ ತುಂಬಿಕೊಳ್ಳಿ. ಕಣಿವೆ ನೋಡಲು ಮೂರು ದಿನದಲ್ಲೇ ಅತಿ ಚೆಲುವಾದದ್ದು: ಎರಡೂ ಕಡೆ ಹಸಿರು ಗೋಡೆ, ತುದಿಯಿಂದ ಬೀಳುವ ಝರಿ. ಅದಕ್ಕೇ ಜನ ನಡೆಯುತ್ತಾ ತಲೆಯೆತ್ತಿ ಎಡವುತ್ತಾರೆ. ನೋಡುವುದಾದರೆ ನಿಂತು ನೋಡಿ. ಒಂದೆರಡು ಕಡೆ ದಾರಿ ಬಂಡೆಯ ಮೈಗಂಟಿದ ಕಿರುಹಾದಿ, ಹಗ್ಗ ಮತ್ತು ಏಣಿಯ ಆಸರೆ. ಏಣಿಯ ಮೇಲೆ ಒಮ್ಮೆಗೆ ಒಬ್ಬರೇ, ಮುಂದಿನವರು ಕೆಳಗಿಳಿದು ಪಕ್ಕಕ್ಕೆ ಸರಿದ ಮೇಲೆ ಮುಂದಿನ ಪಾಳಿ. ಹಗ್ಗಕ್ಕೆ ಪೂರ್ತಿ ಭಾರ ಬಿಡಬೇಡಿ. ಅದು ಸಮತೋಲಕ್ಕೆ ಮಾತ್ರ.

ಕೊನೆಯ ಎರಡು ಗಂಟೆ ಕಾಡು, ಬೇರು, ಕೆಸರು. ಕಾಲು ಉಳುಕುವುದು ಹೆಚ್ಚಾಗಿ ಈ ನಿರಪಾಯದ ಹಾದಿಯಲ್ಲೇ, ಏಕೆಂದರೆ ಅಪಾಯ ಮುಗಿಯಿತೆಂದು ಎಲ್ಲರೂ ಮಾತಿಗಿಳಿದಿರುತ್ತಾರೆ. ಮತ್ತೆ ನಿಧಾನಗಾರನನ್ನೇ ಮುಂದೆ ಬಿಡಿ. ಗಂಟೆಗೊಮ್ಮೆ ಶೂ ಬಿಚ್ಚಿ ಕಾಲಿಗೆ ಗಾಳಿಯಾಡಿಸಿ, ಸಿಹಿ ಏನಾದರೂ ಬಾಯಿಗೆ ಹಾಕಿ.

ತೊರೆಯಾನ್‌ನಲ್ಲಿ ಹೆಸರು ದಾಖಲಿಸಿ, ತಂದ ಕಸವನ್ನು ತೋರಿಸಬೇಕು. ಹೊರೆಯಾಳುಗಳಿಗೂ ಗೈಡುಗಳಿಗೂ ಭಕ್ಷೀಸನ್ನು ಒಬ್ಬೊಬ್ಬರ ಕೈಗೇ, ಇಂಡೊನೇಷ್ಯಾದ ರುಪಿಯಾದಲ್ಲಿ ಕೊಡಿ. ಒಬ್ಬರ ಕೈಗೆ ಮೊತ್ತವಾಗಿ ಕೊಟ್ಟರೆ ಅಡ್ಡೆ ಹೊತ್ತವರಿಗೆ ಎಷ್ಟು ಮುಟ್ಟಿತೆಂದು ನಿಮಗೆ ತಿಳಿಯದು. ಹೆಚ್ಚಿನ ಗುಂಪುಗಳು ಇಲ್ಲಿಂದ ನೇರ ಗಿಲಿ ದ್ವೀಪಗಳಿಗೆ ಹೋಗುತ್ತವೆ. ತೊಡೆಯ ನೋವು ತಾರಕಕ್ಕೇರುವುದು ಮರುದಿನ ಮತ್ತು ಅದರ ಮರುದಿನ. ಗಿಲಿಯಲ್ಲಿ ಮೋಟಾರು ಗಾಡಿಗಳಿಲ್ಲ, ನಡೆಯಬೇಕು, ಇಲ್ಲವೇ ಸೈಕಲ್ ಅಥವಾ ಕುದುರೆಗಾಡಿ. ಕೋಣೆ ಕಾಯ್ದಿರಿಸುವಾಗ ನೆಲಮಹಡಿಯದನ್ನೇ ಕೇಳಿ.